ಕಣ್ಣು ಮುಚ್ಚಿ ಕಲಿತ ಸೊಪ್ಪು

ಕಡಲಿಗೆ ಎಲ್ಲೆಯನ್ನು ಎಳೆದವನೂ, ಆ ಎಲ್ಲೆಯ ಮರಳಿನಲ್ಲಿಯೇ ಹಸಿರನ್ನು ಚಿಗುರಿಸಿದವನೂ ಆದ ಒಡೆಯನನ್ನು ಮೊದಲು ನೆನೆದು, ಚಳಿಗಾಲವು ಬೆನ್ನು ತಿರುಗಿಸಿರುವ ಈ ಹುಣ್ಣಿಮೆಯ ಮರುದಿನ, ಸೋಮವಾರ, ಪ್ರಾತಃಕಾಲದ ಪಾರಾಯಣವನ್ನು ಮುಗಿಸಿ ಬರೆದದ್ದು.

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು.

ಈ ಪತ್ರವನ್ನು ನಿನಗೆ ತಲುಪಿಸುವವಳು ನನ್ನ ಮಗಳೇ. ಅವಳಿಗೆ ಐದು ತಿಂಗಳು ತುಂಬುತ್ತಿದೆ. ಕಳೆದ ವರ್ಷ ಒಡಲಿನಲ್ಲಿ ನಿಂತದ್ದು ನಿಲ್ಲದೆ ಹೋದುದನ್ನು ನೀನು ಬಲ್ಲೆ. ಆ ಮಾತನ್ನು ಮನೆಯಲ್ಲಿ ನಾವಿಬ್ಬರೂ ಎತ್ತುವುದಿಲ್ಲ, ಆದರೆ ಪ್ರತಿದಿನವೂ ಅದರ ಸುತ್ತಲೇ ನಡೆದಾಡುತ್ತೇವೆ. ರಕ್ತ ತೆಳುವಾಗಿದೆ, ಹಸಿರು ಸೊಪ್ಪು ಸಮೃದ್ಧವಾಗಿ ಸೇರಬೇಕು, ಮೆಟ್ಟಿಲು ಹತ್ತಿಳಿಯಬಾರದು ಎಂದು ವೈದ್ಯೆ ವಿಧಿಸಿದ್ದಾಳೆ. ನಾನಿರುವುದೋ ಅಚ್ಚುಕೂಟದ ಮೇಲಿನ ನಾಲ್ಕನೆಯ ಅಂತಸ್ತಿನಲ್ಲಿ. ಅಳಿಯ ಹಡಗಿನ ಎಂಜಿನ್ ಕೋಣೆಯಲ್ಲಿದ್ದಾನೆ. ಬೇಸಿಗೆ ಕಳೆಯುವವರೆಗೂ ನೆಲ ಮುಟ್ಟುವುದಿಲ್ಲ. ಅವಳ ತಾಯಿ ಇದ್ದಿದ್ದರೆ ನಿನಗೆ ಈ ಶ್ರಮವನ್ನು ಕೊಡುತ್ತಿರಲಿಲ್ಲ.

ನಿನ್ನ ದಂಡೆಯ ಸೊಪ್ಪನ್ನು ನೆನೆದೇ ಇವಳನ್ನು ಕಳುಹಿಸುತ್ತಿದ್ದೇನೆ. ನಮ್ಮ ತಾಯಿ ನಮ್ಮಿಬ್ಬರ ಕಣ್ಣಿಗೂ ತಲೆವಸ್ತ್ರದ ತುಂಡನ್ನು ಬಿಗಿದು, ಎಲೆಯನ್ನು ಬೆರಳಿನಲ್ಲಿ ತಿಕ್ಕಿಸಿ, ಮೂಸಿಸಿ, ಹೆಸರು ಹೇಳಿಸುತ್ತಿದ್ದಳಲ್ಲ. ಹೆಸರು ಸರಿಯಾಗಿ ಬಂದ ಎಲೆ ಮಾತ್ರ ಬುಟ್ಟಿಗೆ. ಆ ವಿದ್ಯೆ ನನ್ನ ಮೂಗಿಗೆ ಹತ್ತಲಿಲ್ಲ, ನಾನು ಅಕ್ಷರಗಳ ಪಾಲಾದೆ. ನಿನಗೆ ಮಾತ್ರ ಅದು ಉಸಿರಿನಷ್ಟು ಸಹಜವಾಗಿ ಒಲಿಯಿತು. ಕಳೆದ ವಸಂತದಲ್ಲಿ ನೀನು ಬರೆದದ್ದು ಇನ್ನೂ ನನ್ನನ್ನು ನಗಿಸುತ್ತದೆ: ‘ಈ ಸಲದ ಓಮಸೊಪ್ಪು ಮಳೆಯಲ್ಲಿ ನೆನೆದ ಮೇಷ್ಟರ ಕೋಟಿನ ಹಾಗೆ ನಾರುತ್ತಿದೆ, ರುಚಿ ಮಾತ್ರ ದೇವರಾಣೆ ಚೆನ್ನ.’ ಅದರ ಹಿಂದಿನ ವರ್ಷ ಅದೇ ಸೊಪ್ಪು ಹೊಸ ಪೆಟ್ಟಿಗೆಯನ್ನು ತೆರೆದಂತೆ ಇತ್ತು.

ಇವಳನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಉಳಿದುದನ್ನು ಒಡೆಯನ ಕೈಗೆ.

ಇತಿ, ನಿನ್ನ ಅಣ್ಣ

*

ಚಂದ್ರ ಅರ್ಧವಾದ ದಿನ, ಸೋಮವಾರ

ಅಣ್ಣನಿಗೆ ತಂಗಿಯ ನಮಸ್ಕಾರ.

ನಿನ್ನ ಮುಂಗುಸಿ ಕ್ಷೇಮವಾಗಿ ಬಂದಿಳಿದಳು. ಚಿಕ್ಕವಳಿದ್ದಾಗ ಎಲ್ಲ ಡಬ್ಬಿಯಲ್ಲೂ ಮೂತಿ ತೂರಿಸುತ್ತಿದ್ದವಳಿಗೆ ನಾನಿಟ್ಟ ಹೆಸರು. ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. “ಈ ಹೊಟ್ಟೆ ಹೊತ್ಕೊಂಡು ಬಂದ್ರೂ ಇನ್ನೂ ಮುಂಗುಸಿ ಅಂತೀರಲ್ಲ ಅತ್ತೆ,” ಎಂದು ದೋಣಿ ನಿಲ್ಲುವ ಧಕ್ಕೆಯ ಮೇಲೆಯೇ ಮುಖ ಊದಿಸಿದಳು. “ತಪ್ಪಾಯ್ತು, ಇನ್ಮೇಲೆ ಮುಂಗುಸಿಯವರೇ ಅಂತೀನಿ,” ಎಂದೆ. ದೋಣಿಯವನು ನಕ್ಕ, ಇವಳೂ ನಕ್ಕಳು.

ಹಾಯಿ ಹೊಲಿಯುವ ಅಟ್ಟಕ್ಕೆ ಅವಳನ್ನು ಹತ್ತಿಸಿಲ್ಲ. ಕೆಳಗೆ, ಹಗ್ಗದ ಸುರುಳಿಗಳನ್ನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಬಳಿಸಿ ಮಂಚ ಹಾಕಿದ್ದೇನೆ. ಕಿಟಕಿಯಿಂದ ದಂಡೆ ಕಾಣುತ್ತದೆ. ನನಗೂ ಕೆಲಸ ಬೇಕಾದಷ್ಟಿದೆ. ದೊಡ್ಡ ದೋಣಿಯ ಹಾಯಿಯೊಂದು ನಡುವೆ ಹರಿದು ಬಂದಿದೆ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಮೇಣದ ದಾರ ಹಿಡಿದು ಕೂತರೆ ಹೊತ್ತು ಹೋಗುವುದೇ ತಿಳಿಯದು.

ಸೊಪ್ಪಿನ ಚಿಂತೆ ಬಿಡು. ನಾವು ಉಪ್ಪುಬೆರಳು ಎನ್ನುತ್ತಿದ್ದೆವಲ್ಲ, ಆ ಗೆಣ್ಣುಗೆಣ್ಣಾದ ಕಡ್ಡಿ, ಈಗ ಗೇಣುದ್ದ ನಿಂತಿದೆ: ಮೈಯೆಲ್ಲ ತಿಳಿಹಸಿರು, ತುದಿಗೆ ಮಾತ್ರ ಕೆಂಪು ಛಾಯೆ. ಕಡಲಗೋಳಿಯ ಎಲೆಗಳು ಎದುರುಬದುರಾಗಿ, ದಪ್ಪಗೆ, ಅಂಚು ನುಣ್ಣಗೆ ಇವೆ. ಅಳಿವೆಯ ಕಡೆ, ಹೊಳೆ ಕಡಲಿಗೆ ಸೇರುವಲ್ಲಿ, ಓಮಸೊಪ್ಪು ಈಗಷ್ಟೇ ತಲೆ ಎತ್ತುತ್ತಿದೆ: ಎಲೆ ಮೂರು ಸೀಳು, ಅಂಚಿಗೆ ಗರಗಸದ ಹಲ್ಲು. ಅದು ಇನ್ನಷ್ಟು ಬೆಳೆಯಲಿ.

ಚಳಿಯಲ್ಲಿ ಜ್ವರ ಬಂದು ಮಲಗಿದ್ದೆ, ಬರೆಯುವಷ್ಟು ದೊಡ್ಡದಲ್ಲ. ಈಗ ಚೆನ್ನಾಗಿದ್ದೇನೆ.

ನಿನ್ನ ತಂಗಿ

*

ಮರುದಿನ, ಮಂಗಳವಾರ, ಅತ್ತೆಯ ಪತ್ರದ ಲಕೋಟೆಯಲ್ಲಿಯೇ

ಪೂಜ್ಯ ಅಪ್ಪನಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮ. ಅತ್ತೆ ನನ್ನನ್ನು ಗಾಜಿನ ಪಾತ್ರೆಯ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಊಟ ಚೆನ್ನಾಗಿ ಸೇರುತ್ತಿದೆ. ಒಂದೇ ತೊಂದರೆಯೆಂದರೆ ನನ್ನ ಮೂಗು. ಈ ಸ್ಥಿತಿಯಲ್ಲಿ ಅದು ನೂರು ಪಟ್ಟು ಚುರುಕಾಗಿಬಿಟ್ಟಿದೆ. ನೆಲಹಲಗೆಯ ಕೆಳಗೆ ಉಬ್ಬರದಲ್ಲಿ ಬಂದ ಮೀನೊಂದು ಸತ್ತು ಸಿಕ್ಕಿಕೊಂಡಿತ್ತು. ನಾನು ಸೆರಗು ಮುಚ್ಚಿಕೊಂಡು ಹೊರಗೋಡಿದೆ. ಅತ್ತೆ ಅದರ ಮೇಲೆಯೇ ಕೂತು ಹಾಡು ಗುನುಗುತ್ತ ಹಾಯಿ ಹೊಲಿಯುತ್ತಿದ್ದರು. ನಿನ್ನೆ ಒಲೆಯ ಮೇಲೆ ಕಾಳು ಸೀದು ಇದ್ದಿಲಾಯಿತು. ಆಗಲೂ ಅವರು ಒಲೆಯ ಪಕ್ಕದಲ್ಲೇ ಇದ್ದರು. ಎಷ್ಟೊಂದು ತನ್ಮಯತೆ ನೋಡಿ.

ನೀವು ಸಾವಕಾಶವಾಗಿ, ಎಂದಿನಂತೆ ಎರಡೆರಡು ಸಲ ಓದಿಕೊಳ್ಳಿ ಎಂದು ಇಷ್ಟನ್ನು ಬರೆದೆ.

ನಿಮ್ಮ ಮಗಳು

*

ಒಡೆಯನನ್ನು ನೆನೆದು, ಅಮಾವಾಸ್ಯೆಯ ಹಿಂದಿನ ದಿನ, ಭಾನುವಾರ

ತಂಗಿಗೆ ಆಶೀರ್ವಾದಗಳು.

ನಿನ್ನ ಪತ್ರವೂ ಮಗಳ ಪತ್ರವೂ ಒಟ್ಟಿಗೆ ತಲುಪಿದವು. ಸಂತೋಷಪಟ್ಟೆ. ಆದರೆ ನಾನು ಬದುಕಿನ ಬಹುಭಾಗವನ್ನು ಕರಡು ತಿದ್ದುವುದರಲ್ಲಿ ಕಳೆದವನು. ಇರುವ ತಪ್ಪಿಗಿಂತ ಇಲ್ಲದ ಪದವೇ ನನ್ನನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ನಿನ್ನ ಪತ್ರವನ್ನು ಓದಿದೆ, ಇಟ್ಟೆ, ಸಂಧ್ಯಾಪ್ರಾರ್ಥನೆಗೆ ಕುಳಿತೆ; ಪ್ರಾರ್ಥನೆಯ ನಡುವೆಯೇ ಎದ್ದು ಮತ್ತೆ ಓದಿದೆ. ಇಂಥ ಅವಿಧೇಯತೆಯನ್ನು ಅವನು ಕ್ಷಮಿಸಲಿ.

ಉಪ್ಪುಬೆರಳಿನ ತುದಿ ಕೆಂಪೆಂದು ಬರೆದಿರುವೆ. ಓಮಸೊಪ್ಪಿನ ಅಂಚಿಗೆ ಗರಗಸದ ಹಲ್ಲೆಂದು ಬರೆದಿರುವೆ. ಎಲೆಯ ಆಕಾರವನ್ನು ನೀನು ನನಗೆ ಬರೆದದ್ದು ಇದೇ ಮೊದಲು. ತಾಯಿ ನಮ್ಮ ಕಣ್ಣು ಕಟ್ಟಿ ಕಲಿಸಿದ್ದರಿಂದ ನಿನಗೆ ಆ ಸೊಪ್ಪುಗಳ ರೂಪವೇ ಸರಿಯಾಗಿ ತಿಳಿಯದೆಂದು ನೀನೇ ಎಷ್ಟೋ ಸಲ ಹಾಸ್ಯ ಮಾಡಿದ್ದೆ.

ಆದುದರಿಂದ ಒಂದು ಸಣ್ಣ ಕೋರಿಕೆ. ವೃದ್ಧನ ಚಪಲವೆಂದು ತಿಳಿದು ನಡೆಸಿಕೊಡು. ಈ ವರ್ಷದ ಓಮಸೊಪ್ಪನ್ನು ತಿಕ್ಕಿ ಮೂಸಿದಾಗ ಯಾವುದರ ನೆನಪಾಯಿತು, ಅದನ್ನಷ್ಟು ಬರೆ. ಮತ್ತು ಆ ಜ್ವರ ಯಾವ ಬಗೆಯದು, ಬಿಟ್ಟುಹೋಗುವಾಗ ಏನನ್ನಾದರೂ ತೆಗೆದುಕೊಂಡು ಹೋಯಿತೇ, ಅದನ್ನೂ.

ಇತಿ, ಅಣ್ಣ

*

ಚಂದ್ರ ಮತ್ತೆ ಅರ್ಧವಾದ ದಿನ, ಮಂಗಳವಾರ

ಅಣ್ಣನಿಗೆ ನಮಸ್ಕಾರ.

ಜ್ವರ ಜ್ವರದಂತೆಯೇ ಇತ್ತು. ಓಮಸೊಪ್ಪಿನ ವಾಸನೆ ಯಾವಾಗಲೂ ಇರುವ ಹಾಗೆಯೇ ಇದೆ. ಓಮದ ವಾಸನೆ. ಬೇರೆ ಏನಿರುತ್ತದೆ?

ನನ್ನ ಪತ್ರವನ್ನೂ ಕರಡಿನ ಹಾಗೆ ಕೆಂಪು ಶಾಯಿ ಹಿಡಿದು ಓದುತ್ತೀಯೆಂದು ತಿಳಿದಿದ್ದರೆ ಕಾಲ್ಪನಿಕ ಕಥೆಯನ್ನೇ ಬರೆಯುತ್ತಿದ್ದೆ. ಈ ದಂಡೆಯಲ್ಲಿ ಯಾರಾದರೂ ಎಲೆಯೊಂದನ್ನು ಹಿಡಿದು ಇದು ತಿನ್ನುವುದೋ ಅಲ್ಲವೋ ಎಂದು ಕೇಳಬೇಕಾದರೆ ಇಂದಿಗೂ ನನ್ನ ಬಾಗಿಲಿಗೇ ಬರುತ್ತಾರೆ. ದೋಣಿಗೆ ಡಾಂಬರು ಬಳಿಯುವವನ ಹೆಂಡತಿ ಮೊನ್ನೆ ಬಂದಿದ್ದಳು. ಸೂಲಗಿತ್ತಿ ಬರುತ್ತಾಳೆ. ನೀನು ಮಾತ್ರ ನಾಲ್ಕನೆಯ ಅಂತಸ್ತಿನಲ್ಲಿ ಕೂತು ನನ್ನನ್ನು ಪರೀಕ್ಷಿಸುತ್ತೀಯ.

ಮುಂಗುಸಿಯ ಕೆನ್ನೆಗೆ ಬಣ್ಣ ಬರುತ್ತಿದೆ. ದಿನವೂ ಉಪ್ಪುಬೆರಳು ಅಥವಾ ಕಡಲಗೋಳಿ ಬೇಯಿಸುತ್ತೇನೆ. ಅವಳಿಗೊಂದು ವಿಚಿತ್ರ ಬಯಕೆ: ಒಲೆಗೆ ಹಾಕುವ ಮೊದಲು ಎಲ್ಲವನ್ನೂ ಹಿಡಿ ಹಿಡಿಯಾಗಿ ಮೂಸಬೇಕಂತೆ. ಬಸುರಿಯ ಬಯಕೆ ಎಂದು ಬಿಟ್ಟಿದ್ದೇನೆ.

ಅಳಿವೆಯ ಓಮಸೊಪ್ಪು ಬರುವ ಅಮಾವಾಸ್ಯೆಗೆ ಹದಕ್ಕೆ ಬರುತ್ತದೆ. ಅಂದಿನ ಇಳಿತ ದೊಡ್ಡದು, ಕೆಸರಿನ ತುದಿಯವರೆಗೂ ಹೋಗಬಹುದು. ಅವಳನ್ನೂ ಕರೆದೊಯ್ಯುತ್ತೇನೆ. ರಕ್ತಕ್ಕೆ ಅದಕ್ಕಿಂತ ಒಳ್ಳೆಯ ಸೊಪ್ಪಿಲ್ಲವೆಂದು ಅಮ್ಮ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು.

ತಂಗಿ

*

ಒಡೆಯನನ್ನು ನೆನೆದು, ಹುಣ್ಣಿಮೆ, ಮಂಗಳವಾರ

ಮಗಳೇ, ನಿನಗೆ ಅಪ್ಪನ ಆಶೀರ್ವಾದಗಳು.

ಇದನ್ನು ಬೇರೆ ಲಕೋಟೆಯಲ್ಲಿ ಕಳುಹಿಸುತ್ತಿದ್ದೇನೆ. ಮೊದಲು ಒಂದು ಪತ್ರವನ್ನು ಬರೆದೆ. ಅದರಲ್ಲಿ ಮಾತನ್ನು ಸುತ್ತಿ ಸುತ್ತಿ, ಯಾರಿಗೂ ನೋವಾಗದಂತೆ, ಯಾರಿಗೂ ತಿಳಿಯದಂತೆಯೂ ಆಗಿಸಿದ್ದೆ. ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಅತ್ತೆಗೆ ವಾಸನೆ ತಿಳಿಯುತ್ತಿಲ್ಲ. ಚಳಿಗಾಲದ ಜ್ವರ ಅದನ್ನು ಕೊಂಡೊಯ್ದಿದೆ. ಅವಳು ಹೇಳಿಲ್ಲ, ಹೇಳುವವಳೂ ಅಲ್ಲ. ಓಮಸೊಪ್ಪು ಈ ವರ್ಷ ಹೇಗಿದೆ ಎಂದು ಕೇಳಿದರೆ ‘ಯಾವಾಗಲೂ ಇರುವ ಹಾಗೆ’ ಎಂದು ಬರೆದಿದ್ದಾಳೆ. ಅವಳ ಪಾಲಿಗೆ ಅದು ಒಂದು ವರ್ಷವೂ ಯಾವಾಗಲೂ ಇರುವ ಹಾಗೆ ಇದ್ದದ್ದಿಲ್ಲ.

ಈಗ ಮುಖ್ಯ ವಿಷಯ. ಉಪ್ಪುಬೆರಳಿಗಾಗಲಿ ಕಡಲಗೋಳಿಗಾಗಲಿ ನಾನು ಹೆದರುವುದಿಲ್ಲ. ಅವನ್ನು ಬೆರಳೇ ಗುರುತಿಸುತ್ತದೆ. ಅಳಿವೆಯ ದಡದಲ್ಲಿ ಮಾತ್ರ ಓಮಸೊಪ್ಪಿನ ನಡುನಡುವೆಯೇ ಇನ್ನೊಂದು ಬೆಳೆಯುತ್ತದೆ. ತಾಯಿ ಅದನ್ನು ಇಲಿಗಿಡ ಎನ್ನುತ್ತಿದ್ದಳು. ತಿಕ್ಕಿದರೆ ಇಲಿ ಓಡಾಡಿದ ಹಳೆಯ ಪೆಟ್ಟಿಗೆಯ ವಾಸನೆ. ಬೆಳೆದು ನಿಂತ ಮೇಲೆ ಕಾಂಡದ ಮೇಲೆ ನೇರಳೆ ಮಚ್ಚೆಗಳು ಬರುತ್ತವೆ. ಎಳೆಯದರಲ್ಲಿ ಅವೂ ಇರುವುದಿಲ್ಲ. ನಾವು ಚಿಕ್ಕವರಿದ್ದಾಗ ನೆರೆಮನೆಯ ಆಕಳು ಅದನ್ನು ಮೇಯ್ದು ಅಂಗಳದಲ್ಲಿ ಮಲಗಿತು. ಮೊದಲು ಹಿಂಗಾಲು ಹೋಯಿತು, ಆಮೇಲೆ ಮುಂಗಾಲು. ಕಣ್ಣು ಮಾತ್ರ ಕೊನೆಯವರೆಗೂ ನಮ್ಮನ್ನೇ ನೋಡುತ್ತಿತ್ತು. ಕೊನೆಗೆ ಉಸಿರು ನಿಂತಿತು.

ಅಳಿವೆಯ ಸೊಪ್ಪನ್ನು ತಿನ್ನಬೇಡ. ಅತ್ತೆಗೂ ತಿನ್ನಲು ಬಿಡಬೇಡ. ಅವಳ ಮಾನವನ್ನು ಹೇಗೆ ಉಳಿಸುವೆಯೋ ನನಗೆ ತಿಳಿಯದು. ಅದು ಉಳಿಯದಿದ್ದರೆ ಆ ಅಪರಾಧ ನನ್ನದಾಗಿರಲಿ.

ನಿನ್ನ ಅಪ್ಪ

*

ಅಮಾವಾಸ್ಯೆಗೆ ಎರಡು ದಿನ ಇರುವಾಗ, ಸೋಮವಾರ

ತಂಗೀ,

ದೋಣಿ ಹೊರಟಿಲ್ಲ. ಗಾಳಿ ಬಿಡುತ್ತಿಲ್ಲ. ನಾನು ಮಗಳಿಗೆ ಬರೆದದ್ದು ಅಂಚೆ ಚೀಲದೊಳಗೆಯೇ ಬಿದ್ದಿದೆ. ಬೆಳಗ್ಗೆ ಹೋದೆ, ಮಧ್ಯಾಹ್ನ ಹೋದೆ. “ಯಜಮಾನರೇ, ಗಾಳಿಗೆ ನಾನು ಮುದ್ರೆ ಒತ್ತಿ ಕಳಿಸೋಕಾಗುತ್ತಾ?” ಎಂದು ಅಂಚೆಯವನು ನಕ್ಕ. ಆಮೇಲೆ ನನ್ನ ಮುಖವನ್ನು ನೋಡಿ ನಗುವುದನ್ನು ನಿಲ್ಲಿಸಿ, ಕುರ್ಚಿಯನ್ನು ಎಳೆದು ಕೊಟ್ಟ. ಅಲ್ಲಿಗೆ ತಂತಿಯೂ ಇಲ್ಲ, ರಸ್ತೆಯೂ ಇಲ್ಲ. ಗ್ರಂಥದಲ್ಲಿ ಕಣ್ಣು ಒಂದೇ ಸಾಲಿನ ಮೇಲೆ ನಿಂತುಬಿಡುತ್ತದೆ.

ಈ ಪತ್ರವೂ ಅದೇ ಚೀಲವನ್ನು ಸೇರುತ್ತದೆ, ಹೋಗುವುದಾದರೆ ಅದರೊಡನೆಯೇ ಹೋಗುತ್ತದೆ, ಅಷ್ಟು ಹೊತ್ತಿಗೆ ಇದಕ್ಕೆ ಅರ್ಥವಿರುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಸುಮ್ಮನೆ ಕುಳಿತಿರಲಾರದೆ.

ಅಳಿವೆಗೆ ಹೋಗಬೇಡ. ದಯಮಾಡಿ ಹೋಗಬೇಡ.

ಅಣ್ಣ

*

ಅಮಾವಾಸ್ಯೆ ಕಳೆದ ನಾಲ್ಕನೆಯ ದಿನ, ಭಾನುವಾರ

ಪೂಜ್ಯ ಅಪ್ಪನಿಗೆ,

ಮೊದಲ ಸಾಲಿನಲ್ಲಿಯೇ ಹೇಳಿಬಿಡುತ್ತೇನೆ: ನಾವಿಬ್ಬರೂ ಕ್ಷೇಮ. ಒಳಗಿರುವುದೂ ಕ್ಷೇಮ, ಇದನ್ನು ಬರೆಯುವಾಗ ಒದೆಯುತ್ತಿದೆ.

ನಿಮ್ಮ ಪತ್ರಗಳು ಇವತ್ತು ಬೆಳಗಿನ ದೋಣಿಯಲ್ಲಿ ಬಂದವು. ಅಪ್ಪ, ಅತ್ತೆಯ ವಿಷಯ ನನಗೆ ಬಂದ ವಾರದಲ್ಲೇ ತಿಳಿದಿತ್ತು. ಮೀನಿನ ಸಂಗತಿಯನ್ನೂ ಸೀದ ಕಾಳಿನ ಸಂಗತಿಯನ್ನೂ ನಾನು ಬೇಕೆಂದೇ ಬರೆದೆ. ಲಕೋಟೆ ಒಂದೇ ಆದ್ದರಿಂದ ಅತ್ತೆ ಓದುತ್ತಾರೆಂದು ಬಿಡಿಸಿ ಹೇಳಲಾಗಲಿಲ್ಲ. ನೀವು ಹಿಡಿಯುತ್ತೀರೆಂಬ ನಂಬಿಕೆಯಿತ್ತು. ಅಲ್ಲಿಯವರೆಗೆ ಕಾವಲು ನನ್ನದೆಂದುಕೊಂಡೆ. ಬಯಕೆಯೆಂದು ಸುಳ್ಳು ಹೇಳಿ, ಒಲೆಗೆ ಹೋಗುವ ಪ್ರತಿ ಹಿಡಿಯನ್ನೂ ಮೂಸುತ್ತಿದ್ದೆ. ಇಲಿಗಿಡದ ವಾಸನೆಯನ್ನು ಅತ್ತೆಯೇ ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಹೀಗೆಯೇ ಅವರ ಮಾನವೂ ಉಳಿದು ನಮ್ಮ ಜೀವವೂ ಉಳಿಯುತ್ತದೆ, ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಅಮಾವಾಸ್ಯೆಯ ಬೆಳಗ್ಗೆ ಎದ್ದರೆ ನನಗೆ ನೆಗಡಿ. ಆ ಗಾಳಿಗೆ ಮೂಗು ಪೂರ್ತಿ ಕಟ್ಟಿಹೋಗಿತ್ತು. ಕಿಟಕಿಯ ಕೆಳಗೆ ಡಾಂಬರು ಕುದಿಯುತ್ತಿತ್ತು. ಹೊಗೆ ಕಣ್ಣಿಗೆ ಕಂಡಿತು, ಮೂಗಿಗೆ ಏನೂ ತಾಗಲಿಲ್ಲ.

ಮೈ ಸರಿಯಿಲ್ಲ, ಇವತ್ತು ಬೇಡ ಎಂದೆ. ಹಾಗಾದರೆ ನೀನು ಮಲಗಿರು, ನಾನೇ ತರುತ್ತೇನೆ ಎಂದು ಅತ್ತೆ ಬುಟ್ಟಿ ಎತ್ತಿದರು. ಒಬ್ಬರನ್ನೇ ಬಿಡಲಾಗದೆ ಹಿಂದೆ ಹೋದೆ. ಕೆಸರಿನ ತುದಿಯಲ್ಲಿ ಅವರು ಬಾಗಿ, ಎಲೆಯನ್ನು ತಿಕ್ಕಿ, ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು, ಅಜ್ಜಿ ಕಲಿಸಿದಂತೆಯೇ. ಆಮೇಲೆ ಕಣ್ಣು ತೆರೆದು, ಕಳ್ಳತನದಲ್ಲಿ ಎಂಬಂತೆ, ಎಲೆಯ ಅಂಚಿನ ಹಲ್ಲುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದರು. ಅದನ್ನು ನೋಡಿ ನನಗೆ ಅಳು ಬಂತು. ಕೆಲವನ್ನು ಬಿಟ್ಟರು, ಹೆಚ್ಚಿನದನ್ನು ಬುಟ್ಟಿಗೆ ಹಾಕಿದರು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಹಸಿರು. ತಿಕ್ಕಿದೆ, ಮೂಸಿದೆ, ಏನೂ ಇಲ್ಲ. ಗಾಜನ್ನು ಮೂಸಿದ ಹಾಗೆ.

ಮನೆಗೆ ಬಂದೆವು. ತೊಳೆದರು, ಹೆಚ್ಚಿದರು, ಪಾತ್ರೆ ಒಲೆಯ ಮೇಲೆ ಹೋಯಿತು. ನಾನು ಎಂದಿನಂತೆ ಮೂಸುತ್ತೇನೆಂದು ಅವರು ಒಂದು ಹಿಡಿಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿದರು, ಮುಖ ಆಚೆ ತಿರುಗಿಸಿಕೊಂಡೇ. ಆ ತಟ್ಟೆ ಬಂದ ರೀತಿಯಲ್ಲಿ ನನಗೆ ತಿಳಿಯಿತು, ಅಪ್ಪ. ನಾನು ಯಾಕೆ ಮೂಸುತ್ತೇನೆಂದು ಅವರಿಗೂ ಗೊತ್ತಿತ್ತು. ಇಷ್ಟು ದಿನವೂ ಅವರು ನನ್ನ ಮೂಗನ್ನು ನಂಬಿಕೊಂಡೇ ಬೇಯಿಸುತ್ತಿದ್ದರು.

ತಟ್ಟೆ ಹಿಡಿದು ಕೂತೆ. ನೀರು ಕುದಿಯತೊಡಗಿತು.

“ಅತ್ತೆ,” ಎಂದೆ, “ನನಗೂ ಇವತ್ತು ವಾಸನೆ ಬರ್ತಿಲ್ಲ.”

ಅವರು ತಿರುಗಲಿಲ್ಲ. ಸೌಟು ಕೈಯಲ್ಲಿ ನಿಂತಿತು. “ನನಗೂ ಅಂದ್ರೆ?” ಎಂದರು.

ನಾನು ತಟ್ಟೆಯನ್ನು ಅವರ ಕಡೆಗೇ ಸರಿಸಿದೆ.

ಅವರು ಬಟ್ಟೆ ಹಿಡಿದು ಪಾತ್ರೆಯನ್ನು ಇಳಿಸಿದರು. ಹೊರಗೆ ಹೋಗಿ, ಗಾಳಿಯಲ್ಲಿ ಕೈಯಿಂದ ಮರಳು ತೋಡಿ, ಎಲ್ಲವನ್ನೂ ಸುರಿದು ಮುಚ್ಚಿದರು. ಬೀದಿಯ ನಾಯಿ ತಿನ್ನಬಾರದೆಂದು ಮೇಲೆ ಕಲ್ಲು ಹೇರಿದರು. ಒಳಗೆ ಬಂದು ಪಾತ್ರೆಯನ್ನು ಬೂದಿ ಹಾಕಿ ಉಜ್ಜಿದರು, ತೊಳೆದರು, ಮತ್ತೆ ಉಜ್ಜಿದರು. ಆ ದಿನ ನಾವು ಒಣ ರೊಟ್ಟಿ ತಿಂದೆವು. ನಾನು ಅವರ ಮನೆಯಲ್ಲಿಯೇ ಅವರನ್ನು ಕುರುಡು ಮಾಡಿದೆನೆಂದು ಅನಿಸಿತು.

ಮರುದಿನ ಅಟ್ಟದಿಂದ ಸೂಜಿ ಹಲಗೆಗೆ ತಾಗುವ ಸದ್ದು ಮಾತ್ರ. ಮೂರನೆಯ ದಿನ ನನ್ನ ಮೂಗು ತೆರೆಯಿತು. ಅತ್ತೆ ಮಂಚದ ಬಳಿ ಬಂದು ನಿಂತರು. ಕೈಯಲ್ಲಿ ಒಂದೇ ಒಂದು ಎಲೆ, ತಿಕ್ಕಿದ್ದು. ನನ್ನ ಮೂಗಿನ ಹತ್ತಿರ ಹಿಡಿದು ಹೇಳಿದರು:

“ಮುಂಗುಸಿ, ಈ ವರ್ಷದ್ದು ಹೆಂಗಿದೆ ಹೇಳು. ಸುಮ್ನೆ ಓಮ ಅನ್ಬೇಡ, ಓಮ ಅನ್ನೋದು ನಂಗೂ ಗೊತ್ತು.”

ನಾನು ಯೋಚಿಸಿ, ಯಂತ್ರಕ್ಕೆ ಎಣ್ಣೆ ಹಾಕಿ ಬಂದವರು ಸಾಬೂನು ಹಚ್ಚಿ ಕೈ ತೊಳೆದ ಹಾಗಿದೆ ಎಂದೆ.

“ಅಂದ್ರೆ ನಿನ್ನ ಗಂಡನ ಹಾಗೆ,” ಎಂದರು. ಅಷ್ಟು ಹೇಳಿ ಮಂಚದ ಅಂಚಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನಿಮ್ಮ ಎರಡು ಪತ್ರಗಳನ್ನೂ ಅವರೇ ದೋಣಿಯಿಂದ ತಂದರು. ನನ್ನದನ್ನು ನಾನು ಓದಿ ಅವರ ಕೈಗೆ ಕೊಟ್ಟೆ. ಬೇಡವಾಗಿತ್ತೇನೋ. ಓದಿದರು, ಮಡಿಸಿದರು, ‘ಮೊದಲು ಒಂದು ಹರಿದಿದ್ದಾನಂತೆ’ ಎಂದರು, ಅಷ್ಟೇ.

ಆ ಪಾತ್ರೆಯಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ. ಅದನ್ನು ನೆನೆದಾಗಲೆಲ್ಲ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ.

ನಿಮ್ಮ ಮಗಳು

*

ಎರಡು ಹುಣ್ಣಿಮೆಗಳು ಕಳೆದು, ಶನಿವಾರ

ಅಣ್ಣನಿಗೆ ನಮಸ್ಕಾರ.

ಇಷ್ಟು ದಿನ ಬರೆಯದೆ ಇದ್ದದ್ದು ಕೋಪದಿಂದಲ್ಲ. ಕೋಪವೂ ಇತ್ತು, ಮೊದಲ ವಾರ.

ಅಳಿವೆಗೆ ಹೋಗಿಬಂದೆ. ಅಂದು ನಾನು ಸೊಪ್ಪು ಕೊಯ್ದ ಜಾಗ ನನಗೆ ಗೊತ್ತು. ಮುರಿದ ದೋಣಿಯ ಪಕ್ಕೆಲುಬು ಕೆಸರಿನಲ್ಲಿ ನಿಂತಿದೆಯಲ್ಲ, ಅದರ ಬಲಗಡೆ. ಬುಡ ಬಿಟ್ಟು ಕೊಯ್ದಿದ್ದರಿಂದ ಎಲ್ಲವೂ ಮತ್ತೆ ಚಿಗುರಿ ಈಗ ನನ್ನೆದೆಯೆತ್ತರ ನಿಂತಿವೆ. ಒಂದೊಂದರ ಕಾಂಡವನ್ನೂ ನೋಡಿದೆ. ಕೈ ಹಾಕದೆ, ಬರಿಯ ಕಣ್ಣಿನಿಂದ. ಹೆಚ್ಚಿನವು ನಮ್ಮವೇ. ಆದರೆ ಎಲ್ಲವೂ ಅಲ್ಲ, ಅಣ್ಣ. ನಡುವೆ ಅಲ್ಲಲ್ಲಿ ನುಣುಪು ಕಾಂಡ, ಅದರ ಮೇಲೆ ಯಾರೋ ಶಾಯಿ ಕೊಡವಿದ ಹಾಗೆ ನೇರಳೆ ಮಚ್ಚೆ.

ಅಲ್ಲಿಯೇ ಕೆಸರಿನಲ್ಲಿ ಕೂತುಬಿಟ್ಟೆ. ಉಬ್ಬರ ಕಾಲು ಮುಟ್ಟಿದ ಮೇಲೆ ಎದ್ದೆ. ಮುಂಗುಸಿಗೆ ಇದನ್ನು ಹೇಳಿಲ್ಲ. ಹೆರಿಗೆಯಾಗುವವರೆಗೂ ಹೇಳಬಾರದೆಂದಿದ್ದೇನೆ, ನೀನೂ ಹೇಳಬೇಡ. ಅವಳ ತೊಟ್ಟಿಲ ಹಗ್ಗವನ್ನು ನಾನೇ ಹೆಣೆಯುತ್ತಿದ್ದೇನೆ, ಅದು ನೆನಪಾದಾಗ ಹಗ್ಗ ಹಿಡಿದ ಕೈ ತನ್ನಷ್ಟಕ್ಕೆ ನಿಂತುಹೋಗುತ್ತದೆ.

ಡಾಂಬರಿನವನ ಹೆಂಡತಿ ಹೋದ ವಾರ ಎಲೆಯೊಂದನ್ನು ತಂದು ಎಂದಿನಂತೆ ಕೇಳಿದಳು. “ನಂಗೆ ವಾಸ್ನೆ ಹೋಗಿದೆ ಕಣವ್ವ, ಇನ್ಮೇಲೆ ಅಳಿವೆಯದನ್ನ ಯಾರೂ ತಿನ್ಬೇಡಿ, ಯಾರು ಮೂಸಿ ಕೊಟ್ರೂ ತಿನ್ಬೇಡಿ,” ಎಂದೆ. ಅವಳು ಬಾಯಿ ತೆರೆದು ನಿಂತಳು. ಬಾಗಿಲು ಮುರಿದು ಬೀಳಲಿಲ್ಲ, ಅಟ್ಟವೂ ಕುಸಿಯಲಿಲ್ಲ. ಆಮೇಲೆ, ಹಾಗಾದರೆ ಆವತ್ತು ನಮ್ಮ ಮನೆಯ ಡಾಂಬರಿನ ಹೊಗೆಗೆ ನೀವೊಬ್ಬರೇ ಬೈಯದೆ ಇದ್ದದ್ದು ಅದಕ್ಕೇನೋ ಎಂದಳು. ಇಬ್ಬರೂ ನಕ್ಕೆವು.

ಉಪ್ಪುಬೆರಳು, ಕಡಲಗೋಳಿ, ದಂಡೆಯ ಈ ಕಡೆ ಬೆಳೆಯುವುದು, ಇಷ್ಟೇ ನಮ್ಮ ಊಟ. ಅದನ್ನೂ ನಾನು ಮೊದಲು ಬೆಳಕಿನಲ್ಲಿ ತಿರುಗಿಸಿ ನೋಡಿ, ಅವಳು ಮೂಸಿ, ಇಬ್ಬರೂ ಒಪ್ಪಿದರೆ ಮಾತ್ರ. ಈ ವಯಸ್ಸಿನಲ್ಲಿ ಎಲೆ ನೋಡಲು ಕಲಿಯುತ್ತಿದ್ದೇನೆ. ಎಷ್ಟೊಂದು ನರಗಳಿವೆ ಅದರಲ್ಲಿ. ಅಮ್ಮ ಒಂದು ದಿನವಾದರೂ ಆ ಬಟ್ಟೆ ಬಿಚ್ಚಿ ತೋರಿಸಬಾರದಿತ್ತೇ?

ಸೂಲಗಿತ್ತಿ ಮಗು ಚೆನ್ನಾಗಿ ತಿರುಗಿದೆ ಎನ್ನುತ್ತಾಳೆ. ನನಗೆ ನಂಬಿಕೆಯಿದೆ, ಆದರೂ ಹೆದರಿಕೆಯಿದೆ. ನೀನು ಬಾ.

ನಿನ್ನ ತಂಗಿ

*

ಕೊಟ್ಟದ್ದನ್ನು ಕಿತ್ತುಕೊಳ್ಳುವಾಗಲೂ ಮತ್ತೊಂದನ್ನು ಕೈಗಿಡುವ ಒಡೆಯನನ್ನು ನೆನೆದು, ಬೇಸಿಗೆಯ ಕೊನೆಯ ಹುಣ್ಣಿಮೆ, ಗುರುವಾರ, ಪಾರಾಯಣದ ಕೊನೆಯ ಪುಟವನ್ನು ಮಡಿಸಿ ಬರೆದದ್ದು.

ತಂಗಿಗೂ ಮಗಳಿಗೂ ಒಟ್ಟಾಗಿ ಆಶೀರ್ವಾದಗಳು. ಇನ್ನು ನಿಮ್ಮಿಬ್ಬರಿಗೂ ಬೇರೆ ಬೇರೆ ಲಕೋಟೆಗಳಲ್ಲಿ ಬರೆಯುವುದಿಲ್ಲ.

ಬರುವ ದೋಣಿಗೆ ಹೊರಡುತ್ತಿದ್ದೇನೆ. ಈ ಪತ್ರ ನನಗಿಂತ ಒಂದು ದೋಣಿ ಮುಂದೆ ಬರುತ್ತದೆ, ಗಾಳಿ ಬಿಟ್ಟರೆ. ಅಂಚೆಯವನು ಚೀಲವನ್ನು ಕಟ್ಟುವಾಗ ನನ್ನ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆಂದು ತಾನಾಗಿ ಹೇಳಿದ. ಹೆರಿಗೆಯ ದಿನ ಹತ್ತಿರವಾದಂತೆ ನನ್ನ ಪ್ರಾರ್ಥನೆಯ ಮಾತುಗಳು ಕಡಿಮೆಯಾಗುತ್ತಿವೆ. ಈಗ ಉಳಿದಿರುವುದು ‘ಕಾಪಾಡು’ ಎಂಬ ಒಂದೇ ಮಾತು. ಪ್ರತಿ ಬೆಳಗ್ಗೆ ಅಡುಗೆಮನೆಯಲ್ಲಿ ಓಮದ ಕಾಳೆರಡನ್ನು ಬೆರಳಿನಲ್ಲಿ ತಿಕ್ಕಿ ಮೂಸಿ, ವಾಸನೆ ಇನ್ನೂ ಇದೆ ಎಂದು ತಿಳಿದುಕೊಂಡು, ಅನಂತರ ದೀಪವನ್ನು ಹಚ್ಚುತ್ತೇನೆ.

ತಂಗೀ, ನಿನಗೆ ನನ್ನ ಭೂತಗನ್ನಡಿಯನ್ನು ತರುತ್ತಿದ್ದೇನೆ. ಅಚ್ಚಿನ ಮೊಳೆಗಳ ನಡುವೆ ಜಾರಿದ ಚುಕ್ಕೆಗಳನ್ನು ಹುಡುಕಲು ಅದು ನನಗೆ ಒದಗಿತ್ತು. ಕಾಂಡದ ಮೇಲಿನ ಚುಕ್ಕೆಗಳಿಗೆ ಇನ್ನೂ ಚೆನ್ನಾಗಿ ಒದಗುತ್ತದೆ. ತಾಯಿಯ ಆ ತಲೆವಸ್ತ್ರದ ತುಂಡು ನನ್ನ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಅದನ್ನೂ ತರುತ್ತೇನೆ. ಬಹಳ ಮೆತ್ತಗಿದೆ, ಹುಟ್ಟಿದ ಮಗುವಿನ ಮೈ ಒರೆಸಲು ಬಳಸಿ. ಇನ್ನು ಯಾರ ಕಣ್ಣಿಗೂ ಅದನ್ನು ಕಟ್ಟುವುದು ಬೇಡ.

ಮೂಗು ತೊರೆದರೂ ಮನೆಯ ಬಾಗಿಲನ್ನು ತೆರೆದಿಟ್ಟ ನನ್ನ ತಂಗಿಗೆ ಒಳಿತಾಗಲಿ. ತನಗೆ ತಿಳಿಯದೆಂದು ಹೇಳುವ ಧೈರ್ಯವನ್ನು ಕುದಿಯುವ ಪಾತ್ರೆಯ ಮುಂದೆ ಕಂಡುಕೊಂಡ ನನ್ನ ಮಗಳಿಗೆ ಒಳಿತಾಗಲಿ. ಎಂಜಿನ್ನಿನ ಬಿಸಿಯಲ್ಲಿ ನಿಂತು ಇದೊಂದನ್ನೂ ಅರಿಯದ ಅಳಿಯನಿಗೆ, ಕೈ ತೊಳೆದು ಕಾಯುತ್ತಿರುವ ಸೂಲಗಿತ್ತಿಗೆ, ದೋಣಿಯವನಿಗೆ, ಡಾಂಬರಿನವನ ಮನೆಗೆ, ಕುರ್ಚಿಯನ್ನು ಎಳೆದುಕೊಟ್ಟ ಅಂಚೆಯವನಿಗೆ ಒಳಿತಾಗಲಿ. ಉಪ್ಪುಬೆರಳು ಹಸಿರಾಗಿರಲಿ. ಅಳಿವೆಯ ಆ ಇನ್ನೊಂದು ಗಿಡವೂ ಅವನದೇ ಬೆಳೆ. ಅದು ತನ್ನ ಮಚ್ಚೆಯನ್ನು ಬೇಗ ತೋರಿಸಿ, ಯಾರ ಕೈಗೂ ಸಿಕ್ಕದೆ, ತನ್ನ ಪಾಡಿಗೆ ಹೂಬಿಡಲಿ. ಬರಲಿರುವ ಮಗು ಸುಖವಾಗಿ ಬರಲಿ, ಗಟ್ಟಿಯಾಗಿ ಅಳಲಿ, ಮತ್ತು ಈ ದಂಡೆಯ ಒಂದೊಂದು ಎಲೆಯನ್ನೂ ಎರಡು ಕಣ್ಣುಗಳನ್ನು ತೆರೆದುಕೊಂಡೇ ಕಲಿಯಲಿ.

ಇತಿ, ನಿಮ್ಮಿಬ್ಬರವನು